ಎಲ್ಲ ತೆರಿಗೆ ಸೇರಿ

ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಆದಾಯ ತೆರಿಗೆ ಕಟ್ಟುವವರನ್ನು ಹುಡುಕುತ್ತ ಹೋದರೆ ಒಬ್ಬಿಬ್ಬರು ಸಿಕ್ಕಾರು, ಅಷ್ಟೆ. ಉಳಿದವರೆಲ್ಲ ಆಟೋ ಓಡಿಸುವವರು, ಹೂ ಕಟ್ಟುವವರು, ಮಲ್ಲೇಶ್ವರದ ಮನೆಗಳಿಗೆ ಅಡುಗೆ ಕೆಲಸಕ್ಕೆ ಹೋಗುವವರು, ಪೀಣ್ಯದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವವರು, ನನ್ನ ಹಾಗೆ ಮನೆಯಲ್ಲೇ ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವರು. 2025ರ ಕೇಂದ್ರ ಬಜೆಟ್ಟಿನಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂತ ಘೋಷಣೆಯಾದ ದಿನ ಟೀವಿಯಲ್ಲಿ ಹಬ್ಬವೋ ಹಬ್ಬ. ನಮ್ಮ ಬೀದಿಯಲ್ಲಿ ಯಾರೂ ಅದರ ಮಾತೇ ಎತ್ತಲಿಲ್ಲ. ತಿಂಗಳಿಗೆ 22–25 ಸಾವಿರದಲ್ಲಿ ಸಂಸಾರ ತೂಗಿಸುವವರಿಗೆ ಅದು ಇನ್ಯಾರದೋ ಮನೆಯ ಸುದ್ದಿ.

ಆದರೂ ಈ ಬೀದಿಯಲ್ಲಿ ತೆರಿಗೆ ಕಟ್ಟದ ಮನೆ ಒಂದೂ ಇಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿದೆ.

ಒಮ್ಮೆ ಮೆಜೆಸ್ಟಿಕ್‌ನಿಂದ ಬರುವ ಬಸ್ಸಿನಲ್ಲಿ ಕಂಡಕ್ಟರ್ ನನಗೆ ಶಕ್ತಿ ಯೋಜನೆಯ ಉಚಿತ ಗುಲಾಬಿ ಟಿಕೆಟ್ ಹರಿದುಕೊಟ್ಟಾಗ ಹಿಂದೆ ನಿಂತಿದ್ದ ಒಬ್ಬರು ಪಕ್ಕದವರಿಗೆ ಕೇಳಿಸುವಂತೆ ಅಂದರು: "ಟ್ಯಾಕ್ಸ್ ಕಟ್ಟೋರು ನಾವು, ಓಡಾಡೋರು ಇವರು." ನಾನು ಏನೂ ಅನ್ನಲಿಲ್ಲ. ನನ್ನ ಚೀಲದಲ್ಲಿ ಆಗಷ್ಟೇ ಚಿಕ್ಕಪೇಟೆಯಲ್ಲಿ ಕೊಂಡ ಲೈನಿಂಗ್ ಬಟ್ಟೆ, ಸೀರೆ ಫಾಲ್, ಹನ್ನೆರಡು ಬಣ್ಣದ ದಾರದ ರೀಲುಗಳಿದ್ದವು. ಲೈನಿಂಗಿಗೆ 5 ಪರ್ಸೆಂಟ್, ದಾರಕ್ಕೆ ಆಗ 12 ಪರ್ಸೆಂಟ್. ಬಟ್ಟೆ ಮಾರುವ ದೊಡ್ಡ ಕಂಪನಿ ಇದೇ ದಾರ ಕೊಂಡರೆ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ತೋರಿಸಿ ತಾನು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ಳುತ್ತದೆ. ನಾನು ಜಿಎಸ್‌ಟಿ ನೋಂದಣಿ ಇಲ್ಲದವಳು. ನನ್ನ ದುಡಿಮೆ ಅದರ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ದಾರದ ಮೇಲಿನ ತೆರಿಗೆ ನನ್ನಲ್ಲೇ ಉಳಿಯುತ್ತದೆ, ಇಲ್ಲವೇ ನಾನು ಮಜೂರಿ ಹತ್ತು ರೂಪಾಯಿ ಏರಿಸಿದಾಗ ಪಕ್ಕದ ಬೀದಿಯ ಹೂವಿನ ಅಮ್ಮನ ತಲೆಯ ಮೇಲೆ ಹೋಗಿ ಕೂರುತ್ತದೆ. ಎಲ್ಲಿ ಕೂತರೂ ಅದು ನಮ್ಮ ನಮ್ಮಲ್ಲೇ.

ಎಲ್ಲರ ಕೈಯಲ್ಲೂ ಇರುವ ಮೊಬೈಲನ್ನೇ ತಗೊಳ್ಳಿ. ರೀಚಾರ್ಜಿನ ಮೇಲೆ 18 ಪರ್ಸೆಂಟ್. 299 ರೂಪಾಯಿಯ ರೀಚಾರ್ಜ್ ಹಾಕಿಸಿದರೆ ಅದರಲ್ಲಿ 45 ರೂಪಾಯಿ 60 ಪೈಸೆ ಸರ್ಕಾರದ ಪಾಲು. ಮನೆಯಲ್ಲಿ ಮೂರು ಫೋನಿದ್ದರೆ ಪ್ರತಿ 28 ದಿನಕ್ಕೆ 137 ರೂಪಾಯಿ ಹತ್ತಿರ ಹೋಗುತ್ತದೆ. ಮನೆಗೆಲಸದವರಿಗೆ ಫೋನಿಲ್ಲದಿದ್ದರೆ ಕೆಲಸವೇ ಇಲ್ಲ, ಆಟೋದವರಿಗೆ ಗಿರಾಕಿಯೇ ಇಲ್ಲ. ಇನ್ನು ಪೆಟ್ರೋಲು. ಅದು ಜಿಎಸ್‌ಟಿಯ ಹೊರಗಿದೆ. ಮೊದಲು ಕೇಂದ್ರದ ಅಬಕಾರಿ ಸುಂಕ, ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ರಾಜ್ಯ ತನ್ನ ಪಾಲನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದರೆ ಎರಡೂ ಸೇರಿ 40 ರೂಪಾಯಿ ಆಸುಪಾಸು ತೆರಿಗೆಯೇ. ಡೀಸೆಲ್ ಏರಿದರೆ ಕೋಲಾರದಿಂದ ಬರುವ ಟೊಮೆಟೊದ ಬೆಲೆಯಲ್ಲಿ ಅದೂ ಬಂದು ಸೇರಿಕೊಳ್ಳುತ್ತದೆ, ಟೊಮೆಟೊಗೆ ತೆರಿಗೆ ಇಲ್ಲದಿದ್ದರೂ.

ಎರಡು ಲಕ್ಷ ಸಂಬಳದವರು ಖರ್ಚು ಕಳೆದು ಉಳಿಸುತ್ತಾರೆ. ಉಳಿಸಿದ ದುಡ್ಡಿಗೆ ಜಿಎಸ್‌ಟಿ ಇಲ್ಲ. ನಮ್ಮ ಕಡೆ ಬಂದ ದುಡ್ಡು ಬಂದ ಹಾಗೇ ಅಂಗಡಿಗೆ, ಔಷಧಿಗೆ, ಸ್ಕೂಲಿಗೆ ಹೋಗುತ್ತದೆ. ಹಾಗಾಗಿ ಗಳಿಕೆಯ ಲೆಕ್ಕದಲ್ಲಿ ನೋಡಿದರೆ ಸಾಮಾನಿನ ಮೇಲಿನ ತೆರಿಗೆಯ ಭಾರ ನಮಗೇ ಹೆಚ್ಚು. ಬಸ್ಸಿನಲ್ಲಿದ್ದ ಆ ಮಹನೀಯರಿಗೆ ಈ ಲೆಕ್ಕ ಗೊತ್ತಿರಲಾರದು. ಅವರನ್ನು ದೂರಿ ಪ್ರಯೋಜನವಿಲ್ಲ, ಯಾಕೆಂದರೆ ನಮ್ಮವರಿಗೇ ಗೊತ್ತಿಲ್ಲ.

ಗೊತ್ತಾಗದಿರುವುದಕ್ಕೆ ಕಾರಣವಿದೆ. ಸಂಪಿಗೆ ರಸ್ತೆಯಲ್ಲಿ ಹಿಂದೆ ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. ನಮ್ಮ ಮೆಟ್ರೋ ಸ್ಟೇಷನ್ನಿನಿಂದ ಮೆಜೆಸ್ಟಿಕ್ ಕಡೆಗೆ ಒಂದೇ ನಿಲ್ದಾಣ. ಅಲ್ಲಿ ಒಂದು ಬಿಸ್ಕತ್ ಪ್ಯಾಕೆಟ್ ಕೊಂಡರೂ ಬಿಲ್ಲಿನ ತಳದಲ್ಲಿ ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಅಂತ ಬೇರೆ ಬೇರೆ ಬರೆದು ಕೊಡುತ್ತಾರೆ. ಅದೇ ಪ್ಯಾಕೆಟ್ಟನ್ನು ನಮ್ಮ ಬೀದಿಯ ಅಂಗಡಿಯಲ್ಲಿ ಕೊಂಡರೆ ಬಿಲ್ಲೇ ಇಲ್ಲ. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಎಲ್ಲ ತೆರಿಗೆ ಸೇರಿ' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ, ಅಷ್ಟೇ ನಮಗೆ ರಸೀದಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಿನಿಂದ 2025ರ ಸೆಪ್ಟೆಂಬರ್‌ವರೆಗೂ ಬಿಸ್ಕತ್ತಿಗೆ 18 ಪರ್ಸೆಂಟ್ ಇತ್ತು. ಐದು ರೂಪಾಯಿ ಪ್ಯಾಕೆಟ್ಟಿನಲ್ಲಿ 76 ಪೈಸೆ. ಬೆಳಿಗ್ಗೆ ಟೀ ಜೊತೆ ಅದೊಂದೇ ತಿಂದು ಸ್ಕೂಲಿಗೆ ಓಡುವ ಮಗುವಿನ ಹೆಸರಿನಲ್ಲಿ ದಿನಾ 76 ಪೈಸೆ ಹೋಗುತ್ತಿತ್ತು. ಆ ಮಗುವಿನ ತಾಯಿಯನ್ನು ಯಾರೂ ತೆರಿಗೆದಾರರು ಅನ್ನಲಿಲ್ಲ. ಅಮೆರಿಕದಲ್ಲಿ ಅಂಗಡಿಯ ಹಲಗೆಯ ಮೇಲಿನ ಬೆಲೆ ಬೇರೆ, ತೆರಿಗೆ ಬೇರೆ. ದುಡ್ಡು ಕೊಡುವ ಹೊತ್ತಿಗೆ ತೆರಿಗೆ ಸೇರಿಸುತ್ತಾರೆ, ಹಾಗಾಗಿ ಎಷ್ಟು ಹೋಯಿತೆಂದು ಪ್ರತಿಯೊಬ್ಬರಿಗೂ ಕಾಣುತ್ತದೆ. ನಮ್ಮಲ್ಲಿ ಎಲ್ಲವೂ ಎಂಆರ್‌ಪಿಯೊಳಗೆ ಕರಗಿ ಹೋಗಿದೆ.

ನಮ್ಮ ಮಾವನವರು ರಾಜಾ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಅವರ ಕಾಲದಲ್ಲಿ ಊರೊಳಕ್ಕೆ ಬರುವ ಸಾಮಾನಿಗೆ ಆಕ್ಟ್ರಾಯ್ ಇತ್ತು. ಮಾಗಡಿ ರಸ್ತೆಯ ಸುಂಕದಕಟ್ಟೆಗೆ ಆ ಹೆಸರು ಬಂದಿರುವುದೇ ಸುಂಕ ವಸೂಲಿಯಿಂದ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ಹೋಗಿ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು. ಹಳ್ಳಿಯಿಂದ ಮೂಟೆ ಹೊತ್ತು ತರುವವರು ಕಟ್ಟೆಯ ಹತ್ತಿರ ನಿಂತು ಚೌಕಾಸಿ ಮಾಡುತ್ತಿದ್ದುದನ್ನು ಮಾವನವರು ಎಷ್ಟೋ ಸಲ ಹೇಳುತ್ತಿದ್ದರು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆ ನಿಜ, ಆದರೆ ಹೇಳಿಕೊಳ್ಳುವುದಕ್ಕೆ ಅಲ್ಲೊಬ್ಬ ಮನುಷ್ಯನಾದರೂ ಕೂತಿರುತ್ತಿದ್ದ. ಈಗ ಕಟ್ಟೆಯೂ ಇಲ್ಲ, ಕೂತವರೂ ಇಲ್ಲ, ವಸೂಲಿ ಮಾತ್ರ ಐದು ರೂಪಾಯಿಯ ಪ್ಯಾಕೆಟ್ಟಿನವರೆಗೂ ತಪ್ಪಿದ್ದಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅಕ್ಕಿಯ ವಿಚಾರದಲ್ಲಿ. 2022ರ ಜೂನ್ ಕೊನೆಯಲ್ಲಿ ಚಂಡೀಗಢದಲ್ಲಿ ಜಿಎಸ್‌ಟಿ ಮಂಡಳಿಯ 47ನೇ ಸಭೆ ನಡೆಯಿತು. ದರಗಳನ್ನು ಸರಿಹೊಂದಿಸಲು ರಚಿಸಿದ್ದ ಮಂತ್ರಿಗಳ ಸಮಿತಿಗೆ ಆಗಿನ ನಮ್ಮ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಮುಖ್ಯಸ್ಥರಾಗಿದ್ದರು. ಅದುವರೆಗೆ ನೋಂದಾಯಿತ ಬ್ರ್ಯಾಂಡ್ ಹೆಸರಿದ್ದ ಅಕ್ಕಿ, ಹಿಟ್ಟುಗಳಿಗೆ ಮಾತ್ರ ಇದ್ದ 5 ಪರ್ಸೆಂಟ್ ತೆರಿಗೆ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಎಲ್ಲ ಅಕ್ಕಿ, ಗೋಧಿ ಹಿಟ್ಟು, ಬೆಲ್ಲ, ಮಂಡಕ್ಕಿ, ಮೊಸರು, ಮಜ್ಜಿಗೆಗೂ ಬಂತು. ನಂದಿನಿ ಮೊಸರಿನ ಬೆಲೆ ಏರಿತು, ಕೂಗೆದ್ದ ಮೇಲೆ ಮರುದಿನವೇ ಒಂದಿಷ್ಟು ಇಳಿಯಿತು. ಮೊಸರನ್ನು ಮನೆಯಲ್ಲೇ ಹೆಪ್ಪು ಹಾಕಬಹುದು. ಅಕ್ಕಿಗೆ ಏನು ಮಾಡುವುದು?

ಆ ನಿಯಮದಲ್ಲಿ ಒಂದು ಗೆರೆ ಇತ್ತು. 25 ಕೆ.ಜಿ.ವರೆಗಿನ ಪ್ಯಾಕಿಗೆ ತೆರಿಗೆ, ಅದಕ್ಕಿಂತ ಹೆಚ್ಚಿನದಕ್ಕೆ ಇಲ್ಲ. ಕೆಲವೇ ದಿನಗಳಲ್ಲಿ ಅಂಗಡಿಗಳಿಗೆ 26 ಕೆ.ಜಿ. ಚೀಲ ಬಂತು. ಅದೇ ಸೋನಾ ಮಸೂರಿ, ಅದೇ ಬಣ್ಣದ ಚೀಲ, ಒಂದು ಕೆ.ಜಿ. ಹೆಚ್ಚು, ತೆರಿಗೆ ಸೊನ್ನೆ. ಮಿಲ್ಲಿನವರು ಕಾನೂನಿನೊಳಗೇ ದಾರಿ ಹುಡುಕಿದರು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ದಾರಿ ಯಾರಿಗೆ ತೆರೆದಿದೆ ನೋಡಿ. ಚೀಲಕ್ಕೆ ಸಾವಿರದ ಐನೂರೋ ಆರುನೂರೋ ಒಂದೇ ಸಲಕ್ಕೆ ಎಣಿಸಿಕೊಡಬಲ್ಲ ಮನೆಗೆ ತೆರಿಗೆ ಇಲ್ಲ. ವಾರದ ಬಟವಾಡೆಯಲ್ಲಿ 5 ಕೆ.ಜಿ. ಪ್ಯಾಕ್ ತರುವ ಮನೆಗೆ ತೆರಿಗೆ ಇದೆ. ನಮ್ಮ ಎದುರು ಮನೆಯಲ್ಲಿ ಗಾರೆ ಕೆಲಸದ ಅಣ್ಣ ಒಬ್ಬರಿದ್ದಾರೆ. ಶನಿವಾರ ಕೂಲಿ ಸಿಕ್ಕಿದ ಮೇಲೆ ಅವರ ಹೆಂಡತಿ ಐದು ಕೆ.ಜಿ. ಅಕ್ಕಿ ತರುತ್ತಾರೆ. ತೆರೆದ ಮೂಟೆಯಿಂದ ತೂಗಿಕೊಡುವ ಬಿಡಿ ಅಕ್ಕಿಗೆ ತೆರಿಗೆ ಇಲ್ಲ ಅಂತ ಕಾನೂನಿನಲ್ಲಿದೆ, ನಿಜ. ಆದರೆ ತೂಗಿಕೊಡುವ ಅಂಗಡಿಗಳು ಎಷ್ಟು ಉಳಿದಿವೆ? ಒಂದು ವರ್ಷ ನಾವು ಮೂರು ಮನೆಯವರು ಸೇರಿ ದುಡ್ಡು ಹಾಕಿ 26ರ ಚೀಲ ತರಿಸಿ, ನನ್ನ ಹೊಲಿಗೆ ಕೋಣೆಯಲ್ಲೇ ಸೇರಿನಲ್ಲಿ ಅಳೆದು ಹಂಚಿಕೊಳ್ಳುತ್ತಿದ್ದೆವು. ಒಂದು ಮನೆಯವರು ಊರಿಗೆ ಹೊರಟುಹೋದ ಮೇಲೆ ಅದು ನಿಂತುಹೋಯಿತು.

ತೆರಿಗೆಯೇ ಬೇಡ ಅನ್ನುವವಳಲ್ಲ ನಾನು. ನನ್ನ ಮಗಳು ಹುಟ್ಟಿದ್ದು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಅವಳ ಟ್ಯೂಷನ್ ಫೀಸು ನಿರಾಳ. 200 ಯೂನಿಟ್ಟಿನೊಳಗೆ ಕರೆಂಟಿನ ಬಿಲ್ಲು ಸೊನ್ನೆ. ಇದೆಲ್ಲ ಎಲ್ಲಿಂದ ಬರುತ್ತದೆ ಅಂತ ಗೊತ್ತಿದೆ. ಕೊಡುವವರ ಸಾಲಿನಲ್ಲಿ ನಮ್ಮನ್ನೂ ನಿಲ್ಲಿಸಿಕೊಳ್ಳಿ, ಭಾರ ಹೊರಿಸುವಾಗ ಬೆನ್ನು ನೋಡಿ ಹೊರಿಸಿ, ಇಷ್ಟೇ ನನ್ನ ಮಾತು. ನಮ್ಮ ಯಜಮಾನರ ವೃತ್ತಿ ತೆರಿಗೆಯನ್ನೇ ನೋಡಿ. 2023ರ ಏಪ್ರಿಲ್‌ನಿಂದ 25 ಸಾವಿರದ ಒಳಗಿನ ಸಂಬಳಕ್ಕೆ ಅದನ್ನು ಬಿಟ್ಟರು, ಅದಕ್ಕೆ ಮೊದಲು 15 ಸಾವಿರದ ಗಡಿ ಇತ್ತು. ಒಳ್ಳೆಯ ಕೆಲಸ. ಆದರೆ ಗಡಿ ದಾಟಿದವರೆಲ್ಲರಿಗೂ ತಿಂಗಳಿಗೆ 200. ಇಪ್ಪತ್ತೈದು ಸಾವಿರದವರಿಗೂ ಅಷ್ಟೇ, ಎರಡೂವರೆ ಲಕ್ಷದವರಿಗೂ ಅಷ್ಟೇ. ವರ್ಷಕ್ಕೆ 2,500 ಮೀರಬಾರದು ಅಂತ ಸಂವಿಧಾನದಲ್ಲೇ ಮಿತಿ ಇದೆ. ಆ ಮಿತಿ ಮುಟ್ಟುವುದಕ್ಕೆ 2025ರಿಂದ ಫೆಬ್ರವರಿ ತಿಂಗಳಿಗೆ 300 ಮಾಡಿದ್ದಾರೆ.

2025ರ ಜುಲೈ ತಿಂಗಳು ನಮ್ಮ ಬೀದಿಗೆ ಮರೆಯುವಂಥದ್ದಲ್ಲ. ಮೂಲೆಯ ಕಾಂಡಿಮೆಂಟ್ಸ್ ಅಂಗಡಿಯಣ್ಣ ಕುಂದಾಪುರ ಕಡೆಯವರು. ಬೆಳಿಗ್ಗೆ ಐದಕ್ಕೇ ಹಾಲಿನ ಕ್ರೇಟ್ ಇಳಿಸಿಕೊಳ್ಳುವವರು. ಒಂದು ದಿನ ಹಾಲಿಗೆ ಹೋದರೆ ಕ್ಯೂಆರ್ ಸ್ಟಿಕ್ಕರ್ ಕಿತ್ತಿದ್ದ ಜಾಗದಲ್ಲಿ ಗೋಂದಿನ ಗುರುತು ಮಾತ್ರ ಇತ್ತು.

"ಅಕ್ಕಾ, ಫೋನ್‌ಪೇ ಇಲ್ಲ ಇವತ್ತಿಂದ. ಕ್ಯಾಶ್ ಕೊಡಿ."

"ಯಾಕಣ್ಣಾ, ಏನಾಯ್ತು?"

"ನಮಗೆ ಇನ್ನೂ ಬಂದಿಲ್ಲ ಅಕ್ಕಾ. ನಮ್ಮ ಭಾವಂದಿರ ಬೇಕರಿಗೆ ಬಂದಿದೆ ನೋಟಿಸು. ನಾಲ್ಕು ವರ್ಷದ್ದು ಒಟ್ಟಿಗೆ ಕೇಳಿದ್ದಾರೆ."

ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಕಂಪನಿಗಳಿಂದ ಲೆಕ್ಕ ತರಿಸಿಕೊಂಡು, 2021–22ರಿಂದ ಈಚೆಗೆ ವರ್ಷಕ್ಕೆ 40 ಲಕ್ಷ ದಾಟಿದ ಸಾಮಾನಿನ ವ್ಯಾಪಾರಿಗಳಿಗೆ, 20 ಲಕ್ಷ ದಾಟಿದ ಸೇವೆಯವರಿಗೆ ನೋಟಿಸ್ ಕಳಿಸಿದ್ದರು. ನಲವತ್ತು ಲಕ್ಷ ಅಂದರೆ ದೊಡ್ಡ ಕುಳ ಅನ್ನಿಸುತ್ತದೆ. 365ರಿಂದ ಭಾಗಿಸಿ ನೋಡಿ, ದಿನಕ್ಕೆ ಹನ್ನೊಂದು ಸಾವಿರದ ವ್ಯಾಪಾರ. ಹಾಲು, ಸಿಗರೇಟು, ಬ್ರೆಡ್ಡು ಮಾರುವ ಅಂಗಡಿಯಲ್ಲಿ ಹನ್ನೊಂದು ಸಾವಿರ ಕೈ ಬದಲಾದರೆ ಉಳಿಯುವುದೆಷ್ಟು? ಹಾಲಿನ ಪ್ಯಾಕೆಟ್ಟಿನಲ್ಲಿ ಸಿಗುವುದು ಚಿಲ್ಲರೆ ಕಾಸು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿನ ಲೆಕ್ಕದಲ್ಲಿ 29 ಲಕ್ಷ ಕೇಳಿದ ಸುದ್ದಿ ಪೇಪರಿನಲ್ಲಿ ಬಂದಾಗ ಬೀದಿಯವರೆಲ್ಲ ಬೆಚ್ಚಿಬಿದ್ದರು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ.

ಇಲಾಖೆಯ ವಾದದಲ್ಲೂ ಹುರುಳಿದೆ, ಅದನ್ನು ಮರೆಮಾಚಬಾರದು. ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗಳಿಗೆ ರಾಜಿ ತೆರಿಗೆ ಪದ್ಧತಿ ಇದೆ, ವಹಿವಾಟಿನ ಮೇಲೆ 1 ಪರ್ಸೆಂಟ್ ಕಟ್ಟಿದರೆ ಸಾಕು. ಬೀದಿಯ ಅಂಗಡಿಯವರಿಗೆ ಅದನ್ನು ಮೊದಲೇ ಬಂದು ತಿಳಿಸಿ ಹೇಳಿದ್ದರೆ ಎಷ್ಟೋ ಜನ ಮಾಡಿಸಿಕೊಳ್ಳುತ್ತಿದ್ದರೇನೋ. ನಾಲ್ಕು ವರ್ಷ ಸುಮ್ಮನಿದ್ದು ಒಂದೇ ಸಲ ಲಕ್ಷಗಟ್ಟಲೆ ಕೇಳಿದ್ದರಿಂದ ಭಯ ಹುಟ್ಟಿತು. ಆ ಭಯದಲ್ಲಿ ಇನ್ನೊಂದು ಲೆಕ್ಕವೂ ಸೇರಿಕೊಂಡಿತ್ತು. ಗೃಹಲಕ್ಷ್ಮಿ ಸಿಗಬೇಕಾದರೆ ಮನೆಯೊಡತಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು. ನೋಂದಣಿ ಮಾಡಿಸಿದರೆ ತಿಂಗಳ ಎರಡು ಸಾವಿರಕ್ಕೂ ಕುತ್ತು. ಅಂಗಡಿಯಣ್ಣನ ಹೆಂಡತಿ ನನ್ನ ಹತ್ತಿರ ಬ್ಲೌಸ್ ಅಳತೆ ಕೊಡಲು ಬಂದಾಗ ಮಾತಾಡಿದ್ದು ಇದೊಂದೇ ವಿಷಯ.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಮಾತಾಡಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. 25ಕ್ಕೆ ಕರೆ ಕೊಟ್ಟಿದ್ದ ಬಂದ್ ನಿಂತಿತು. ಅಷ್ಟರೊಳಗೆ ಬೀದಿಯ ಹೆಂಗಸರು ಬ್ಲೌಸಿನೊಳಗೆ ಮತ್ತೆ ನೋಟು ಮಡಚಿಟ್ಟುಕೊಂಡು ಅಂಗಡಿಗೆ ಹೋಗುವುದು ಶುರುವಾಗಿತ್ತು. ಎಟಿಎಮ್ಮಿನಲ್ಲಿ ಉಚಿತ ಸಲಗಳು ಮುಗಿದ ಮೇಲೆ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಹಿಡಿಯುವ ನಿಯಮ ಅದೇ ವರ್ಷದ ಮೇ ತಿಂಗಳಲ್ಲಿ ಬಂದಿತ್ತು. ನೋಟಿಸು ಬಂದದ್ದು ಅಂಗಡಿಯವರಿಗೆ, ಅದರ ಬಿಸಿ ತಟ್ಟಿದ್ದು ನೂರು ರೂಪಾಯಿಯ ಸಾಮಾನು ಕೊಳ್ಳುವವರಿಗೆ.

ಆಸ್ತಿ ತೆರಿಗೆಯ ಮಾತು ಬಂದರೆ ಬಾಡಿಗೆಯವರು ತಮಗೆ ಸಂಬಂಧವಿಲ್ಲ ಅಂದುಕೊಳ್ಳುತ್ತಾರೆ. ಪಾಲಿಕೆಯ ದರಪಟ್ಟಿಯಲ್ಲಿ ಮಾಲೀಕರೇ ಇರುವ ಮನೆಗಿಂತ ಬಾಡಿಗೆಗೆ ಕೊಟ್ಟ ಮನೆಗೆ ಎರಡರಷ್ಟು ದರ. ಆ ಹೆಚ್ಚುವರಿಯನ್ನು ಯಾವ ಮಾಲೀಕರು ತಮ್ಮ ಜೇಬಿನಿಂದ ಕೊಟ್ಟಾರು? ಅದರ ಜೊತೆಗೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಸೆಸ್, 3 ರೂಪಾಯಿ ಭಿಕ್ಷುಕರ ಸೆಸ್. ಈ ಸೆಸ್‌ಗಳ ಬಗ್ಗೆ ನನಗೆ ಬೇಸರವಿಲ್ಲ. ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಊಟ ಮಾಡುವವರಿಗೆ ನಮ್ಮ ವಠಾರದ ಬಾಡಿಗೆಯಿಂದಲೂ ಒಂದು ತುತ್ತು ಹೋಗುತ್ತದಲ್ಲ ಅನ್ನಿಸಿದಾಗ ಸಮಾಧಾನವೇ ಆಗುತ್ತದೆ. 2025ರ ಏಪ್ರಿಲ್‌ನಿಂದ ಬಂದ ಕಸದ ಶುಲ್ಕದಲ್ಲೂ 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದರೆ 400. ಬೆನ್ನು ನೋಡಿ ಹೊರಿಸುವುದು ಅಂದೆನಲ್ಲ, ಅದಕ್ಕೆ ಇದು ಉದಾಹರಣೆ. ಪಾಲಿಕೆಗೆ ಬರುವ ಈ ಬುದ್ಧಿ ದಿಲ್ಲಿಗೂ ವಿಧಾನಸೌಧಕ್ಕೂ ಬರಬಾರದೇಕೆ?

ಕೇಳಿದರೆ ಕೆಲವು ಸಲ ಆಗುತ್ತದೆ ಅನ್ನುವುದಕ್ಕೂ ಸಾಕ್ಷಿಯಿದೆ. ಜಿಎಸ್‌ಟಿ ಬಂದ ಹೊಸದರಲ್ಲಿ ಕುಂಕುಮಕ್ಕೆ, ಬಳೆಗೆ ತೆರಿಗೆ ಇರಲಿಲ್ಲ, ಸ್ಯಾನಿಟರಿ ಪ್ಯಾಡಿಗೆ 12 ಪರ್ಸೆಂಟ್ ಇತ್ತು. ದೇಶದ ಹೆಣ್ಣುಮಕ್ಕಳು ಒಂದು ವರ್ಷ ಬಿಡದೆ ಕೇಳಿದ ಮೇಲೆ 2018ರ ಜುಲೈನಲ್ಲಿ ತೆಗೆದರು. 2025ರ ಸೆಪ್ಟೆಂಬರ್ 22ರಿಂದ ಇನ್ನೂ ಬಹಳಷ್ಟು ಇಳಿಯಿತು. ಮಕ್ಕಳ ನೋಟ್‌ಬುಕ್, ಪೆನ್ಸಿಲ್‌ಗೆ ಸೊನ್ನೆ. ಬಿಸ್ಕತ್ತು, ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ. ನನ್ನ ದಾರವೂ ಹೊಲಿಗೆ ಮಷೀನೂ 12ರಿಂದ 5ಕ್ಕೆ. ಔಷಧಿಗಳು ಬಹುಮಟ್ಟಿಗೆ 5ಕ್ಕೆ ಬಂದವು, ನಮ್ಮ ಅತ್ತೆಯವರ ಬಿಪಿ ಮಾತ್ರೆಯ ಬಿಲ್ಲಿನಲ್ಲಿ ಅದು ಕಂಡಿತು. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು. ಐದು ರೂಪಾಯಿ ಪ್ಯಾಕೆಟ್ಟಿನ ಬಿಸ್ಕತ್ತಿನಲ್ಲಿ ಮಾತ್ರ ಲಾಭ ಎಲ್ಲಿ ಹೋಯಿತೆಂದು ಹೇಳುವುದು ಕಷ್ಟ. ಚಿಲ್ಲರೆಯ ತೊಂದರೆಯಿಂದ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸುತ್ತೇವೆ ಅಂದರು ಕಂಪನಿಯವರು. ಎರಡು ಬಿಸ್ಕತ್ ಹೆಚ್ಚು ಬಂತೋ ಇಲ್ಲವೋ ಅಂತ ಅಂಗಡಿ ಮುಂದೆ ನಿಂತು ಎಣಿಸುವವರು ಯಾರು?

ಅದಕ್ಕೇ ನಾನು ಕೇಳುವುದು, ಪ್ಯಾಕೆಟ್ಟಿನ ಮೇಲೆ ತೆರಿಗೆ ಎಷ್ಟು ರೂಪಾಯಿ, ಎಷ್ಟು ಪೈಸೆ ಅಂತ ಕನ್ನಡದಲ್ಲಿ ಅಚ್ಚು ಹಾಕಿಸಿ. ಎಂಆರ್‌ಪಿ ಅಚ್ಚು ಹಾಕುವ ಮಷೀನಿಗೆ ಅದರ ಕೆಳಗೆ ಇನ್ನೊಂದು ಸಾಲು ಭಾರವಾಗದು. ಆ ಗಾರೆ ಕೆಲಸದ ಅಣ್ಣನ ಹೆಂಡತಿ ಸೋಪಿನ ಮೇಲೆ, ಎಣ್ಣೆಯ ಮೇಲೆ, ರೀಚಾರ್ಜಿನ ಮೆಸೇಜಿನಲ್ಲಿ ತಾನು ಕೊಟ್ಟದ್ದನ್ನು ಓದಲಿ. ತಿಂಗಳ ಕೊನೆಗೆ ಕೂಡಿಸಿ ನೋಡಲಿ. ವಾರ್ಡಿನಲ್ಲಿ ಮೋರಿ ಕಟ್ಟಿಕೊಂಡಾಗ, ಓಟು ಕೇಳಲು ಬಂದವರ ಮುಂದೆ, ಆ ಲೆಕ್ಕ ಹಿಡಿದು ಮಾತಾಡಲಿ. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ 'ನನ್ನ ತೆರಿಗೆ ನನ್ನ ಹಕ್ಕು' ಅಂತ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 15ನೆಯದರಲ್ಲಿ ಶೇ 3.647ಕ್ಕೆ ಇಳಿದದ್ದು ಅನ್ಯಾಯ ಅಂತ. ಆ ಹೋರಾಟ ನ್ಯಾಯದ್ದೇ. ರಾಜ್ಯ ದಿಲ್ಲಿಯನ್ನು ಕೇಳಿದ ಅದೇ ಗಟ್ಟಿತನದಲ್ಲಿ ಶ್ರೀರಾಂಪುರವೂ ರಾಜ್ಯವನ್ನು ಕೇಳಬಹುದು.

ಇನ್ನು ಅಕ್ಕಿ. ಸೆಪ್ಟೆಂಬರ್ ಇಳಿಕೆಯಲ್ಲಿ ಪನ್ನೀರಿಗೆ, ಚಪಾತಿಗೆ, ಪರೋಟಾಗೆ ತೆರಿಗೆ ಪೂರ್ತಿ ಹೋಯಿತು. ಪ್ಯಾಕ್ ಮಾಡಿದ ಅಕ್ಕಿಗೆ, ಮೊಸರಿಗೆ, ಬೆಲ್ಲಕ್ಕೆ 5 ಪರ್ಸೆಂಟ್ ಹಾಗೇ ಉಳಿಯಿತು. ಉತ್ತರದವರ ತಟ್ಟೆಯ ಚಪಾತಿಗೆ ಸಿಕ್ಕ ರಿಯಾಯಿತಿ ನಮ್ಮ ತಟ್ಟೆಯ ಮೊಸರನ್ನಕ್ಕೆ ಸಿಗಲಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಪ್ರತಿ ರಾಜ್ಯದ ಸಚಿವರಿಗೂ ಕುರ್ಚಿಯಿದೆ, ನಮ್ಮವರಿಗೂ ಇದೆ. 26 ಕೆ.ಜಿ. ಚೀಲಕ್ಕೆ ಇಲ್ಲದ ತೆರಿಗೆ 5 ಕೆ.ಜಿ. ಚೀಲಕ್ಕೆ ಏಕಿದೆ ಅಂತ ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಕೇಳಬೇಕು, ಉತ್ತರ ಸಿಗುವವರೆಗೂ ಕೇಳಬೇಕು.